ವಾಡಿ ದಾರಿಯ ತಲೆನೋವು

ವಾಡಿಯ ನಮ್ಮ ಮನೆಯ ಹಿತ್ತಿಲಲ್ಲಿ ಹೀರೆಬಳ್ಳಿಗೆ ಆಸರೆಯಾಗಿ ಒಂದು ದಪ್ಪ ಪೈಪು ನಿಂತಿದೆ. ಮೊನ್ನೆ ಅದಕ್ಕೆ ಹಣೆ ಬಡಿಸಿಕೊಂಡೆ. ಒರೆಸಿಕೊಂಡ ಕೈಗೆ ಮಸಿ ಹತ್ತಿತು, ಮೂಗಿಗೆ ಹಳೆಯ ಹೊಗೆಯ ವಾಸನೆ. ಆ ಬಳ್ಳಿಯ ಹೀರೆಕಾಯಿ ತಿಂದ ನೆಂಟರಿಗೂ ಈ ಪೈಪಿನ ಪೂರ್ವಾಶ್ರಮ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ.

ನಾನು ಸೇಡಂನಲ್ಲಿ ದನದ ಡಾಕ್ಟರು. ಕೊಂಡ ಹಳೆಯ ಕಾರಿನಲ್ಲಿ ಎಲ್ಲ ಸರಿಯಿತ್ತು, ದನಿಯೊಂದಿರಲಿಲ್ಲ. ಮಗ ಬಂದದ್ದು ಅವ್ವನ ಓಣಿಗೆ ಮೊದಲೇ ತಿಳಿಯಬೇಕೆಂದು ನನ್ನ ಆಸೆ. ಶಹಾಬಾದಿನಲ್ಲಿ ಖಾಜಾ ಮಿಯಾನ ಗ್ಯಾರೇಜಿಗೆ ಹೋಗಿ, ಕಾರಿನ ಜೊತೆ ಬಂದ ಸೈಲೆನ್ಸರ್ ಬಿಚ್ಚಿಸಿ, ಅಗಲ ಬಾಯಿಯ ಬೇರೆ ಪೈಪು ಹಾಕಿಸಿದೆ. ಓಣಿಗೆ ತಿಳಿಯಿತು. ನಾಯಿಗಳಿಗೆ ಇನ್ನೂ ಮೊದಲೇ ತಿಳಿಯುತ್ತಿತ್ತು.

ಆಮೇಲೆ ನನ್ನ ಹೆಂಡತಿ ಸುಮಿತ್ರಾಳಿಗೆ ತಲೆನೋವು ಶುರುವಾಯಿತು. ಅದಕ್ಕೊಂದು ಶಿಸ್ತಿತ್ತು. ಚಿಂಚೋಳಿ ಕಡೆಯ ತವರಿಗೆ ಹೋದರೆ ಬರುತ್ತಿರಲಿಲ್ಲ. ಚಿತ್ತಾಪುರ ದಾಟಿ ವಾಡಿ ಹತ್ತಿರವಾದಂತೆ ತಪ್ಪದೆ ಬರುತ್ತಿತ್ತು. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತ ಅವ್ವನೆದುರು ಹಣೆ ಹಿಡಿದುಕೊಂಡೇ ಇಳಿಯುವಳು.

"ನನ್ನ ಮಾರಿ ನೋಡಿದ್ರ ಆಕಿ ತಲಿ ನೋಯ್ತದ," ಎಂದಳು ಅವ್ವ. "ಇನ್ನ ಮ್ಯಾಲ ನೀ ಒಬ್ಬಾಂವನೇ ಬಾರೋ."

"ಖರೇನ ನೋಯ್ಲಿಕತ್ತದ್ರೀ ಅತ್ತೀ," ಎಂದು ಸುಮಿತ್ರಾ ಅತ್ತಳು. ಆಮೇಲೆ ವಾಡಿಗೆ ಬರುವುದನ್ನೇ ಬಿಟ್ಟಳು. ಬಾಯಿಲ್ಲದ ಎಮ್ಮೆಯ ನೋವು ಹುಡುಕುವ ನಾನು, ಬಾಯಿದ್ದವಳಿಗೆ ಮುಲಾಮು ತಂದುಕೊಟ್ಟು ಸುಮ್ಮನಾದೆ. ಎರಡೂ ಮನೆಯ ಅನ್ನ ರುಚಿಸದ ದಿನಗಳವು.

ವಾಡಿ ಕಡೆ ಮಾತ್ರ ನಮ್ಮದೊಂದು ರೂಢಿ. ಸಿಮೆಂಟ್ ಲಾರಿ ಕಂಡರೆ ಕಾರಿನ ಗಾಜು ಏರಿಸುತ್ತೇವೆ. ಲಾರಿ ಇಲ್ಲದಿದ್ದರೂ ಬಂದೀತೆಂದು ಏರಿಸಿಯೇ ಇಡುತ್ತೇವೆ. ಒಳಗೆ ಎಂಥ ವಾಸನೆ ಬಂದರೂ ಅದು ಹೊರಗಿನದೇ ಎಂದು ಇನ್ನಷ್ಟು ಬಿಗಿ ಮಾಡುತ್ತೇವೆ. ನನ್ನ ಗಾಜೊಂದು ಮಾತ್ರ ಸದಾ ಇಳಿದಿರುತ್ತಿತ್ತು. ಎಲೆ ಅಡಿಕೆ ಉಗುಳಬೇಕಲ್ಲ. ಮುಂದಿನ ಇನ್ನೊಂದು ಸೀಟು ನನ್ನ ಔಷಧಿ ಪೆಟ್ಟಿಗೆಯದು, ಸುಮಿತ್ರಾ ಕೂಡುವುದು ಹಿಂದೆ.

ಹೀಗಿರುವಾಗ ಶಹಾಬಾದಿನಲ್ಲಿ ನೆಂಟರ ಮದುವೆ. ಅತ್ತೆ ಸೊಸೆ ಇಬ್ಬರೂ ಬರಲೇಬೇಕಾಯಿತು. ಹಿಂದಿನ ಸೀಟಿನಲ್ಲಿ ಎರಡು ರೇಷ್ಮೆ ಸೀರೆಗಳು, ನಡುವೆ ಮೂರನೆಯವರು ಕೂಡುವಷ್ಟು ಜಾಗ. ಸೀರೆಗೆ ಧೂಳು ಕೂತೀತೆಂದು ಗಾಜು ಭದ್ರ. ಮದುವೆಮನೆ ಮುಂದೆ ಇಳಿದದ್ದೇ ಅವ್ವ ಫರಸಿ ಕಲ್ಲಿನ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತಳು. ಪಕ್ಕದಲ್ಲಿ ಸುಮಿತ್ರಾಳೂ ಹಾಗೆಯೇ ಕುಳಿತಳು.

"ತಲಿ ಸಿಡಿಲಿಕತ್ತದವ್ವಾ," ಎಂದಳು ಅವ್ವ.

"ನಿಮಗ್ಯಾಕ ಬಂತ್ರೀ ಅತ್ತೀ? ನಿಮ್ಮ ಅತ್ತಿ ಇಲ್ಲೆಲ್ಲೂ ಕಾಣವಲ್ರಲ್ಲ."

ಅವ್ವ ಹಣೆಯಿಂದ ಕೈ ತೆಗೆದು ಕಾರಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ತೋರಸೋ," ಎಂದಳು.

ಖಾಜಾ ಮಿಯಾ ಮೊದಲು ಪೆಟ್ರೋಲಿನ ಮೇಲೆ ಅನುಮಾನಪಟ್ಟ. ಪೈಪು ಹಾಕಿದವನು ಅವನೇ ಅಲ್ಲವೇ. ಇಂಜಿನ್ ಆರಲಿ ಎಂದ. ನಾವು ಉಂಡು ಬಂದೆವು. ಚಾಲೂ ಮಾಡಿದಾಗ ಆ ದೊಡ್ಡ ಗುಡುಗಿನ ಕೆಳಗೆ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಪೈಪಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು, ಕೀಲುಗಳ ಮೇಲೆ ಸಾಬೂನಿನ ನೀರು ಚಿಮುಕಿಸಿದ. ಆಚೆ ಬದಿ ಅತ್ತೆ, ಈಚೆ ಬದಿ ಸೊಸೆ, ರೇಷ್ಮೆ ಸೀರೆ ಎತ್ತಿ ಹಿಡಿದು ಕುಕ್ಕರಗಾಲಲ್ಲಿ ಬಗ್ಗಿ ನೋಡಿದರು.

"ಇಲ್ಲಿ ಬುರುಗು ಬರ್ಲಿಕತ್ತದ ನೋಡ್ರಿ!" ಎಂದಳು ಸುಮಿತ್ರಾ. ಹಿಂದಿನ ಸೀಟಿನ ಕೆಳಗೇ, ಹಳೆ ಪೈಪಿಗೆ ಹೊಸದು ಕೂಡಿದ ಜಾಗ. ಅಲ್ಲೇ ಮೇಲೆ, ಕಾರಿನ ತಳದಲ್ಲಿ, ರಬ್ಬರಿನ ಬಿರಡೆ ಬಿದ್ದುಹೋಗಿ ತೂತಾಗಿತ್ತು; ಸೋರಿದ ಹೊಗೆ ಅದರಿಂದಲೇ ಒಳಗೆ ಬರುತ್ತಿತ್ತು.

"ಇನ್ನಾ ದೂರ ಹೋಗಿದ್ರ ಹಿಂದ ಕುಂತೋರು ನಿದ್ದಿ ಹೋಗ್ತಿದ್ರು ಸಾಬ್," ಎಂದ ಖಾಜಾ ಮಿಯಾ, ಮೆಲ್ಲಗೆ. "ಏಳ್ತಿರಲಿಲ್ಲ."

ನಾನು ಹೋಗಿ ಕಾರಿನ ಗಾಜುಗಳನ್ನೆಲ್ಲ ಇಳಿಸಿದೆ. ಅವ್ವ ಮಾತ್ರ ಸುಮಿತ್ರಾಳನ್ನೇ ನೋಡುತ್ತಿದ್ದಳು. "ನಿನಗ ಖರೇನ ನೋಯ್ತಿತ್ತಲ್ಲವಾ," ಎಂದು ಅವಳ ಹಣೆ ಮುಟ್ಟಿದಳು. ಹಳೆಯ ಸೈಲೆನ್ಸರ್ ಮರಳಿ ಬಂತು. ಪೈಪನ್ನು ಅವ್ವ ಮನೆಗೆ ಹೊರಿಸಿದಳು.

ಇನ್ನು ಮೊನ್ನೆಯ ವಿಷಯ. ಪಲ್ಯದ ಉಪ್ಪಿನ ಸಲುವಾಗಿ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆಯಿತು. ಸುಮಿತ್ರಾ ತಲೆನೋವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ತುತ್ತು ಹಿಡಿದು ಕುಳಿತೆ. ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

"ಹೋಗು, ಪೈಪ್ ನೋಡಿ ಬಾ," ಎಂದಳು.

ಅವತ್ತು ನಾವು ರೈಲಿಗೆ ಬಂದಿದ್ದೆವು. ಆದರೂ ಕೈ ತೊಳೆದು ಹಿತ್ತಿಲಿಗೆ ಹೋದೆ, ಹಣೆ ಬಡಿಸಿಕೊಂಡೆ, ಸ್ವಲ್ಪ ಹೊತ್ತು ಅಲ್ಲೇ ನಿಂತು ಒಳಗೆ ಬಂದೆ.

"ಸಡ್ಲಾಗಿತ್ತು," ಎಂದೆ. "ಬಿಗಿ ಮಾಡೀನಿ."

"ಹಂಗಿದ್ರ ಕಡಿಮಿ ಆಗ್ತದ ಬಿಡು," ಎಂದು ಅವ್ವ ಸೊಸೆಗೆ ಚಹಾಕ್ಕಿಟ್ಟಳು.