ನೀಲವ್ವನ ಹೊಲದ ಪಾಂಡವರು

ಕೊರೊನಾ ಕಳೆದ ಮರುವರ್ಷ ನಾನು ಬಸವನ ಬಾಗೇವಾಡಿಯಲ್ಲಿ ಪತ್ರಿಕೆಯೊಂದರ ಹಿರಿಯ ವರದಿಗಾರನಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳವೂ ನನ್ನ ವ್ಯಾಪ್ತಿಗೆ ಸೇರಿದ್ದವು. ಎಳ್ಳ ಅಮಾವಾಸ್ಯೆಯ ದಿನ ಗುಡ್ಡವೊಂದರ ಮೇಲಿನ ಪ್ರಾಚೀನ ನೆಲೆಯ ಬಗ್ಗೆ ಬರೆಯಲು ಹೋದೆ.

ಅಲ್ಲಿದ್ದವರು ನವಶಿಲಾಯುಗದ ಜನ, ಅಂದರೆ ಲೋಹ ತಿಳಿಯುವ ಮೊದಲು ಕಲ್ಲನ್ನು ಮಸೆದು ಕೊಡಲಿ ಮಾಡಿಕೊಂಡವರು. ಮಸೆದು ಮಸೆದು ಬಂಡೆಯಲ್ಲಿ ಬಿದ್ದ ನುಣುಪು ತಗ್ಗುಗಳು ಈಗಲೂ ಇವೆ. ಒಂದರೊಳಗೆ ನನ್ನ ಅಂಗೈ ಸರಿಯಾಗಿ ಕೂತಿತು. ಗುಡ್ಡದ ಬುಡದಲ್ಲಿ ಎರಡು ಕೋಣೆಯ ವಸ್ತುಸಂಗ್ರಹಾಲಯ. ಕ್ಯುರೇಟರ್ ಸರಿತಾ ಮೇಡಂ ತೋರಿಸಿದ ಕೊಡಲಿಗಳೆಲ್ಲ ಮುರಿದವೇ.

“ಇಡೀದು ಒಂದೂ ಸಿಕ್ಕಿಲ್ಲರಿ. ಮಸಿಯೋ ಜಾಗ ಐತಿ, ಮಸದ ಕೊಡ್ಲಿ ಎಲ್ಲಿ ಹೋದ್ವು?” ಎಂದರು.

ಮರಳುವಾಗ ಹೊಲವೊಂದರಿಂದ ಕೂಗು ಬಂತು. “ಪೇಪರ್ ಸಾಹೇಬ್ರ, ಇವತ್ತ ಹಸ್ದ ಹೋದ್ರ ನಮ್ಮ ಹೊಲಕ್ಕ ಕೆಟ್ಟ ಹೆಸರು. ಬರ್ರಿ, ಕುಂಡ್ರಿ!”

ಕೂಗಿದಾಕೆಯನ್ನು ನೀಲವ್ವ ಎನ್ನೋಣ. ಆ ದಿನ ನಮ್ಮ ಕಡೆ ಬನ್ನಿ ಗಿಡದಡಿ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬೆಳೆಗೆ ಎಡೆ ಎರಚಿದ ಮೇಲೆಯೇ ಊಟ. ಸಜ್ಜಿ ಕಡಬು ಕೈಯಲ್ಲಿ ಹಿಡಿದೇ ಬಗ್ಗಿ ನೋಡಿದೆ. ಐದೂ ಕಲ್ಲು ಒಂದೇ ಆಕಾರ, ಒಂದು ತುದಿ ಕಿರಿದು, ಇನ್ನೊಂದು ಅಗಲ. ಸುಣ್ಣ ಎದ್ದ ಕಡೆ ಕರಿ ನುಣುಪು.

“ಇವು ಎಲ್ಲಿಯವು?”

“ನಮ್ಮತ್ತಿ ಕಾಲಕ್ಕ ರಂಟಿ ಹೊಡಿವಾಗ ನೆಲದಾಗಿಂದ ಎದ್ದಾವ್ರಿ.”

ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿದೆ. ಸರಿತಾ ಮೇಡಂ ಸ್ಕೂಟಿಯಲ್ಲಿ ಬಂದವರೇ ಮಣ್ಣಿನಲ್ಲಿ ಮೊಣಕಾಲೂರಿದರು. “ಅಯ್ಯೋ, ಐದಕ್ಕ ಐದೂ ಇಡೀ ಕೊಡ್ಲಿ!”

ನೀಲವ್ವನ ನಗು ನಿಂತಿತು. “ಒಯ್ಯಾಕ ಬಂದೀರೇನು?”

“ಒಂದರ ಕೊಡವ್ವ. ಗಾಜಿನ ಕಪಾಟಿನ್ಯಾಗ ಚೊಲೋ ಇಡ್ತೇನಿ.”

“ನಾಕ ಮಂದಿ ಪಾಂಡವರಂತ ಯಾವೂರಾಗ ಕೇಳೀರಿ? ಭೀಮನ್ನ ಒಯ್ತೀರೋ, ಧರ್ಮರಾಯನ್ನೋ?”

ಎಲ್ಲರೂ ನಕ್ಕೆವು. ಆಕೆಯ ಕೈ ಮಾತ್ರ ಕಲ್ಲಿನ ಮೇಲಿಂದ ಸರಿಯಲಿಲ್ಲ. ಜಾಗದ ಸುದ್ದಿ ಹೊರಬಿದ್ದರೆ ಅವು ದೂರದ ಯಾವುದೋ ಉಗ್ರಾಣಕ್ಕೋ, ಕಳ್ಳರ ಚೀಲಕ್ಕೋ ಸೇರುವುದು ಖಚಿತವಿತ್ತು. ಸರಿತಾ ಮೇಡಂ ಎದ್ದು ಮೊಣಕಾಲಿನ ಮಣ್ಣು ಕೊಡವಿದರು.

“ಅಳತಿ, ಫೋಟೊ, ಒಂದು ಪ್ಲಾಸ್ಟರ್ ನಕಲು. ಅಷ್ಟ ಸಾಕು. ಕಲ್ಲು ಇಲ್ಲೇ ಇರ್ಲಿ.”

“ಹಂಗಾದ್ರ ನಾಳೆ ಜಳಕಾ ಮಾಡಿ ಬರ್ರಿ. ಆಮ್ಯಾಲ ಸುಣ್ಣಾ ನಾನ ಹಚ್ಚಾಕಿ.”

ಮರುದಿನ ಸುಣ್ಣ ತೊಳೆದಾಗ ಬಿಸಿಲಿಗೆ ಕಪ್ಪು ಕಲ್ಲು ಮಿಂಚಿತು. ಅಂಚು ಇನ್ನೂ ಹರಿತವಾಗಿತ್ತು. ನೀಲವ್ವನೇ ಬಾಯಿ ಮೇಲೆ ಕೈ ಇಟ್ಟಳು. “ಯವ್ವಾ, ಎಷ್ಟ ಚಂದ ಅದಾನ ನಮ್ಮ ಭೀಮ!”

ಹೊಲದ ಗುರುತು ಬಿಟ್ಟು ಸುದ್ದಿ ಕಳಿಸಿದೆ. ಸಂಪಾದಕರು ಕೇಳಿದರು, “ಹೊಲ ಯಾರದು? ಅದಿಲ್ಲದೆ ಸುದ್ದಿ ಹೇಗೆ ಹಾಕಲಿ?” ಕಿರಿಯರಿಗೆ ನಾನೇ ದಿನಾ ಹಾಕುತ್ತಿದ್ದ ಪ್ರಶ್ನೆ ಅದು.

“ಹೆಸರು ಹಾಕಿದರೆ ಮುಂದಿನ ಅಮಾವಾಸ್ಯೆಗೆ ಅಲ್ಲಿ ದೇವರಿರುವುದಿಲ್ಲ ಸರ್.”

ಮುಖಪುಟಕ್ಕೆಂದು ಇಟ್ಟಿದ್ದ ಸುದ್ದಿ ಪ್ಲಾಸ್ಟರ್ ಕೊಡಲಿಯ ಚಿತ್ರದೊಂದಿಗೆ ಒಳಪುಟದಲ್ಲಿ ಬಂತು. ನನಗೆ ಬೇಸರವಾಗಲಿಲ್ಲ. ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಖಚಿತವಾದ ಮೇಲೂ ವರದಿಗಾರ ಕೇಳಬೇಕಾದ ಪ್ರಶ್ನೆ ಒಂದು ಉಳಿದಿರುತ್ತದೆ: ಇದು ಪ್ರಕಟವಾದರೆ ಕಳೆದುಕೊಳ್ಳುವವರು ಯಾರು?