ತೂಕದ ಜಾಗದಲ್ಲಿ ವಯಸ್ಸು

ಪಾಣೆಮಂಗಳೂರಿನ ಉಮ್ಮರ್ ಬ್ಯಾರಿಯ ಎರಡನೆಯ ಮಗಳು ಸಜ್ನಾ ಸುಲಭಕ್ಕೆ ಹೆದರುವ ಹುಡುಗಿಯಾಗಿರಲಿಲ್ಲ. ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದಳು, ಮೆಲ್ಕಾರಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದಳು. ಹೆಣ್ಣುಮಕ್ಕಳಿಗೆ ಆ ಯಂತ್ರದ ಸಹವಾಸ ಯಾಕೆ ಎಂದು ಸೋದರಮಾವ ಗೊಣಗಿದಾಗ, "ಹೆದರಬೇಡಿ ಮಾಮ, ಅದು ಹಾಯುವುದಿಲ್ಲ" ಎಂದು ನಗುತ್ತಾ ಹೇಳಿದವಳು. ಅವಳ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅಂದರೆ ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಬೆಳ್ತಂಗಡಿಯ ಮಕ್ಕಳ ಡಾಕ್ಟರ್ ಶಶಿಪ್ರಭಾ ತಮ್ಮ ಕ್ಲಿನಿಕ್ಕಿಗೆ ಒಂದು ಪ್ರೋಗ್ರಾಂ ಬರೆದುಕೊಡಲು ಕೇಳಿದರು. ಮಗುವಿನ ವಯಸ್ಸು, ತೂಕ, ಮದ್ದಿನ ಹೆಸರು ಕೊಟ್ಟರೆ ಎಷ್ಟು ಮದ್ದು ಕುಡಿಸಬೇಕೆಂಬುದು ಚೀಟಿಯಲ್ಲಿ ಅಚ್ಚಾಗಿ ಬರಬೇಕು. ಸಜ್ನಾ ಒಪ್ಪಿಕೊಂಡಳು. ಒಪ್ಪಿಕೊಳ್ಳುವಾಗ ಅವಳಿಗೆ ಕಿಂಚಿತ್ತೂ ಭಯವಿರಲಿಲ್ಲ.

ಪ್ರಮಾಣದ ಲೆಕ್ಕವನ್ನು ಅವಳು ಡೇಟಾಬೇಸಿನ ಒಳಗೇ ಬರೆದಿಟ್ಟಳು. ಇದಕ್ಕೆ ಸ್ಟೋರ್ಡ್ ಪ್ರೊಸೀಜರ್ ಎನ್ನುತ್ತಾರೆ. ಅಡುಗೆಮನೆಯ ಹಾಗೆ ಎನ್ನಿ, ಅಡುಗೆಭಟ್ಟ ಒಳಗಿರುತ್ತಾನೆ, ಹೊರಗಿನ ಪ್ರೋಗ್ರಾಂ ಅವನ ಹೆಸರು ಹಿಡಿದು ಕರೆದು ಸಾಮಾನು ಒಪ್ಪಿಸಬೇಕು, ಅವನು ಅಡುಗೆ ಮಾಡಿ ಹೊರಗೆ ಕೊಡುತ್ತಾನೆ. ಒಪ್ಪಿಸುವ ಸಾಮಾನಿಗೆ ಪ್ಯಾರಾಮೀಟರ್ ಎಂದು ಹೆಸರು. ಸಜ್ನಾಳ ಪ್ರೊಸೀಜರ್ ಮೊದಲು ತೂಕವನ್ನೂ ನಂತರ ತಿಂಗಳುಗಳಲ್ಲಿ ವಯಸ್ಸನ್ನೂ ಕೇಳುತ್ತಿತ್ತು. ಹೊರಗಿನ ಪ್ರೋಗ್ರಾಂ ಬರೆಯುವಾಗ ಅವಳು ಮೊದಲು ವಯಸ್ಸು, ನಂತರ ತೂಕ ಒಪ್ಪಿಸಿದಳು, ಯಾಕೆಂದರೆ ಕಂಪೌಂಡರ್ ಚಿನ್ನಯ್ಯ ಕೇಳುವುದೂ ಅದೇ ಕ್ರಮದಲ್ಲಿ. ಪ್ರತಿಯೊಂದಕ್ಕೂ ಹೆಸರು ಬರೆದು ಕಳಿಸಿದ್ದರಿಂದ ಕ್ರಮ ಹೇಗಿದ್ದರೇನು ಎಂಬುದು ಅವಳ ನಂಬಿಕೆ. ಪರೀಕ್ಷೆಗೆ ಅಕ್ಕನ ಮಗುವಿನ ವಿವರ ಹಾಕಿದಳು. ಒಂಬತ್ತು ತಿಂಗಳು, ಒಂಬತ್ತು ಕಿಲೊ. ಉತ್ತರ ಸರಿಯಾಗಿ ಬಂತು. ಸೋಮವಾರದಿಂದ ಪ್ರೋಗ್ರಾಂ ಕೆಲಸ ಸುರುಮಾಡಿತು.

ಬುಧವಾರ ಡಾಕ್ಟರು ಬೆಳಗಿನ ರೋಗಿಗಳನ್ನು ನೋಡಿ ಮುಗಿಸಿ ಮಧ್ಯಾಹ್ನದ ಮೇಲೆ ಮೂಡಬಿದಿರೆಗೆ ಬಂದರು. ಅಲ್ಲಿ ಅವರ ಇನ್ನೊಂದು ಕ್ಲಿನಿಕ್ಕು ಸಿದ್ಧವಾಗುತ್ತಿತ್ತು. ಸಜ್ನಾ ಆಗಲೇ ಬಂದು ಅಲ್ಲಿನ ಕಂಪ್ಯೂಟರಿಗೆ ಅದೇ ಪ್ರೋಗ್ರಾಂ ಹಾಕಿದ್ದಳು. ರಂಜಾನ್ ಉಪವಾಸದ ನೋಂಬಿನ ತಿಂಗಳು, ಅವಳ ಗಂಟಲು ಒಣಗಿತ್ತು, ಮನಸ್ಸು ಹಗುರವಾಗಿತ್ತು.

"ನಮ್ಮ ಪ್ರಾಪ್ತಿಯದ್ದು ಹಾಕು, ನೋಡುವ" ಎಂದರು ಡಾಕ್ಟರು. ಪ್ರಾಪ್ತಿ ಅವರ ಮೊಮ್ಮಗಳು. "ನಾಲ್ಕು ವರ್ಷ, ಹದಿನಾಲ್ಕು ಕಿಲೊ. ಮಲೇರಿಯಾದ ಸಿರಪ್ಪು."

ಪರದೆಯ ಮೇಲೆ ನಲವತ್ತೆಂಟು ಎಂ.ಎಲ್. ಎಂದು ಬಂತು.

ಡಾಕ್ಟರು ನಕ್ಕುಬಿಟ್ಟರು. "ಇದು ಮಗುವಿಗಾ ಮಾರಾಯ್ತಿ, ಕಂಬಳದ ಕೋಣಕ್ಕಾ?"

ಸಜ್ನಾ ನಗಲಿಲ್ಲ. ಡೇಟಾಬೇಸಿನ ಕಿಟಕಿ ತೆರೆದು, ತೂಕ ಇಷ್ಟು ವಯಸ್ಸು ಇಷ್ಟು ಎಂದು ಹೆಸರು ಹಿಡಿದು ಪ್ರೊಸೀಜರನ್ನು ನೇರವಾಗಿ ಕರೆದಳು. ಹದಿನಾಲ್ಕು ಬಂತು, ಕಿಲೊಗೆ ಒಂದು ಎಂ.ಎಲ್.ನಂತೆ ಅದೇ ಸರಿ. ಪ್ರೋಗ್ರಾಮಿನಿಂದ ಮತ್ತೆ ಕರೆದಳು. ನಲವತ್ತೆಂಟು. ನಾಲ್ಕು ವರ್ಷಕ್ಕೆ ತಿಂಗಳು ನಲವತ್ತೆಂಟು. ವಯಸ್ಸು ತೂಕದ ಜಾಗದಲ್ಲಿ ಹೋಗಿ ಕುಳಿತಿತ್ತು.

ಅವಳು ಬರೆದು ಕಳಿಸಿದ ಹೆಸರನ್ನು ಡೇಟಾಬೇಸು ನೋಡಿಯೇ ಇರಲಿಲ್ಲ. ಊಟದ ಪಂಕ್ತಿಯಲ್ಲಿ ಬಡಿಸುವವನು ಕುಳಿತವರ ಜೇಬಿನ ಚೀಟಿ ತೆಗೆದು ಓದುತ್ತಾನೆಯೇ? ಮೊದಲ ಎಲೆಯಲ್ಲಿ ಯಾರಿದ್ದಾರೋ ಅವರಿಗೇ ಮೊದಲು ಬಡಿಸುವುದು. ಹೆಸರು ನೋಡಿಯೇ ಜೋಡಿಸು ಎಂದು ಬೇರೆಯಾಗಿ ಹೇಳಬೇಕಿತ್ತು, ಅವಳು ಹೇಳಿರಲಿಲ್ಲ. ಎರಡೂ ಬರಿಯ ಅಂಕಿಗಳಾದ್ದರಿಂದ ಡೇಟಾಬೇಸು ತಕರಾರು ಮಾಡಲಿಲ್ಲ. ಅಕ್ಕನ ಮಗುವಿಗೆ ಎರಡೂ ಒಂಬತ್ತೇ ಆದ್ದರಿಂದ ಪರೀಕ್ಷೆಯಲ್ಲೂ ಸಿಕ್ಕಿಬೀಳಲಿಲ್ಲ.

"ಇಲ್ಲಿ ಮಾತ್ರವಾ, ಬೆಳ್ತಂಗಡಿಯಲ್ಲೂ ಹೀಗೇ ಉಂಟಾ?" ಡಾಕ್ಟರ ಧ್ವನಿಯಲ್ಲಿ ನಗುವಿರಲಿಲ್ಲ.

"ಅಲ್ಲಿಯೂ ಇದೇ, ಮೇಡಂ."

ಡಾಕ್ಟರು ಕಣ್ಣು ಮುಚ್ಚಿದರು. ಜ್ವರದ ಮದ್ದು, ಕೆಮ್ಮಿನ ಮದ್ದು ಎಲ್ಲ ಹಿಂದಿನಂತೆ ಅವರೇ ಬರೆದುಕೊಟ್ಟಿದ್ದರು. ಮಲೇರಿಯಾದ ಸಿರಪ್ಪಿಗೆ ಮಾತ್ರ ಕಂಪ್ಯೂಟರ್ ಲೆಕ್ಕ ಹಾಕಲಿ ಎಂದು ಬಿಟ್ಟಿದ್ದರು. ಅಂಥ ಮಗು ಬಂದದ್ದು ಒಂದೇ, ಅದೂ ಆ ದಿನ ಬೆಳಿಗ್ಗೆ. "ನೆರಿಯ ಹಳ್ಳಿಯ ಬೀಯಮ್ಮನ ಮೊಮ್ಮಗ, ಉನೈಸ್. ಎರಡು ವರ್ಷ ಎಂಟು ತಿಂಗಳು. ಹನ್ನೊಂದು ಕಿಲೊ."

ಮೂವತ್ತೆರಡು ತಿಂಗಳು. ಹನ್ನೊಂದು ಎಂ.ಎಲ್. ಕುಡಿಯಬೇಕಾದ ಮಗುವಿಗೆ ಚೀಟಿಯಲ್ಲಿ ಮೂವತ್ತೆರಡು.

"ಅಷ್ಟು ಕುಡಿದರೆ?"

"ಆ ಮದ್ದು ಹೃದಯವನ್ನು ಹಿಡಿಯುತ್ತದೆ" ಎಂದಷ್ಟೇ ಹೇಳಿದರು ಡಾಕ್ಟರು.

ಬೆಳ್ತಂಗಡಿಗೆ ಫೋನ್ ಹಚ್ಚಿದರು. ಹಿಂದಿನ ದಿನದ ಸಿಡಿಲಿಗೆ ಆ ಕಡೆಯ ಲೈನುಗಳೆಲ್ಲ ಸತ್ತಿದ್ದವು. ಡಾಕ್ಟರು ಕಾರಿನ ಕೀಲಿ ಎತ್ತಿಕೊಂಡರು.

ಕಾರು ವೇಣೂರು ದಾಟಿತು. ಸಜ್ನಾಳಿಗೆ ಕಾಲಿನ ಬೆರಳುಗಳು ಇವೆಯೇ ಎಂದು ತಿಳಿಯುತ್ತಿರಲಿಲ್ಲ. ರಸ್ತೆಬದಿಯಲ್ಲಿ ಯಾವುದಾದರೂ ಮಗು ಕಂಡರೆ ಮುಖ ತಿರುಗಿಸುತ್ತಿದ್ದಳು.

"ಚೀಟಿಯಲ್ಲಿ ರಾತ್ರಿ ಊಟದ ನಂತರ ಅಂತ ಉಂಟು" ಎಂದರು ಡಾಕ್ಟರು, ತಮಗೇ ಸಮಾಧಾನ ಹೇಳಿಕೊಳ್ಳುವ ಹಾಗೆ. "ಹಳ್ಳಿಯಲ್ಲಿ ಊಟಕ್ಕೆ ಎಂಟು ಗಂಟೆಯಾದರೂ ಆಗ್ತದೆ. ಸಮಯ ಉಂಟು."

"ಇಲ್ಲ ಮೇಡಂ." ಸಜ್ನಾ ಡಾಕ್ಟರ ಕಡೆ ತಿರುಗಿದಳು. "ಈಗ ನೋಂಬು. ಸೂರ್ಯ ಮುಳುಗಿ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆದ ಕೂಡಲೇ ಎಲ್ಲರೂ ಊಟಕ್ಕೆ ಕೂರ್ತಾರೆ. ಮಗುವಿಗೂ ಆಗಲೇ ತಿನ್ನಿಸ್ತಾರೆ. ಮದ್ದೂ ಆಗಲೇ."

ಡಾಕ್ಟರು ಒಮ್ಮೆ ಸೂರ್ಯನ ಕಡೆ ನೋಡಿ ಕಾರಿನ ವೇಗ ಹೆಚ್ಚಿಸಿದರು.

ಬೆಳ್ತಂಗಡಿಯಲ್ಲಿ ಹೊಟ್ಟೆ ತೊಳೆಯುವ ನಳಿಗೆಯನ್ನೂ ಚಿನ್ನಯ್ಯನನ್ನೂ ಹತ್ತಿಸಿಕೊಂಡರು. ಚಿನ್ನಯ್ಯನಿಗೆ ನೆರಿಯದ ಆ ಮನೆ ಗೊತ್ತಿತ್ತು. ವಿಷಯ ಕೇಳಿ ಅವನ ಮುಖ ಬಿಳಿಚಿತು.

"ಹತ್ತು ಎಂ.ಎಲ್.ನ ಮುಚ್ಚಳದಲ್ಲಿ ಮೂರು ಅಂತ ನಾನೇ ಹೇಳಿದೆ, ಡಾಕ್ಟ್ರಮ್ಮ. ಒಂದು ಬಾಟಲಿ ಸಾಲದು ಅಂತ ಎರಡು ಕೊಟ್ಟೆ."

"ಹದಿನೆಂಟು ವರ್ಷ ಮದ್ದು ಕೊಟ್ಟವನು ನೀನು. ಇಷ್ಟು ಸಣ್ಣ ಮಗುವಿಗೆ ಮೂರು ಮುಚ್ಚಳವಾ ಅಂತ ಅನಿಸಲಿಲ್ಲವಾ?"

"ಅನಿಸಿತು. ಮೊದಲಾದರೆ ಕೇಳುತ್ತಿದ್ದೆ. ಈಗ ಕಂಪ್ಯೂಟರೇ ಬರೆದಿದೆಯಲ್ಲ, ನಾನು ಕೇಳಿದರೆ ಟೀಚರು ನಗಾಡಿಯಾರು ಅಂತ..." ಟೀಚರು ಎಂದರೆ ಸಜ್ನಾ. ಅವಳು ಹಿಂತಿರುಗಿ ನೋಡಲಿಲ್ಲ. ಸೋಮವಾರ ಅವನಿಗೆ ಕಲಿಸುವಾಗ, "ನೀವು ತಪ್ಪಬಹುದು ಚಿನ್ನಯ್ಯಣ್ಣ, ಇದು ತಪ್ಪುವುದಿಲ್ಲ" ಎಂದು ಅವಳು ನಿಜವಾಗಿಯೂ ಹೇಳಿದ್ದಳು.

ಕಕ್ಕಿಂಜೆಯಲ್ಲಿ ನೆರಿಯದ ದಾರಿಗೆ ತಿರುಗುವಾಗ ಬಾಂಗ್ ಕೇಳಿಸಿತು. ಡಾಕ್ಟರು ಒಂದು ಕೈಯಿಂದ ನೀರಿನ ಬಾಟಲಿ ಚಾಚಿದರು. "ಕುಡಿ. ನೋಂಬು ಬಿಡು." ಅವಳು ಕುಡಿದಳು. ಈಗ ಬೀಯಮ್ಮ ಖರ್ಜೂರ ಬಾಯಿಗಿಡುತ್ತಿರಬಹುದು. ಈಗ ಮಗುವಿಗೆ ಗಂಜಿ. ಈಗ ಬಾಟಲಿಯ ಮುಚ್ಚಳ ತಿರುಗಿಸುತ್ತಿರಬಹುದು. ಉಳಿದ ದಾರಿಯುದ್ದಕ್ಕೂ ಅವಳು ಕೇಳುತ್ತಿದ್ದದ್ದು ಆ ಮುಚ್ಚಳ ತಿರುಗುವ ಸದ್ದನ್ನೇ.

ಮನೆ ಕಾಣುವಷ್ಟರಲ್ಲಿ ಒಳಗಿನಿಂದ ಮಗು ಕಿರುಚುವುದು ಕೇಳಿಸಿತು. ಡಾಕ್ಟರು ಕಾರಿನ ಬಾಗಿಲನ್ನೂ ಹಾಕದೆ ಓಡಿದರು.

ಬೀಯಮ್ಮ ಚಾಪೆಯ ಮೇಲೆ ಮೊಮ್ಮಗನನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದಿದ್ದರು. ಕುಪ್ಪಸದ ಎದೆಯ ಮೇಲೆಲ್ಲ ಮದ್ದು.

"ಎಷ್ಟು ಕೊಟ್ಟಿರಿ?" ಎಂದರು ಡಾಕ್ಟರು.

"ಕೊಡುವುದೆಲ್ಲಿಂದ ಡಾಕ್ಟ್ರಮ್ಮ! ಒಂದು ಮುಚ್ಚಳ ಬಾಯಿಗೆ ಹಾಕಿದೆ, ನನ್ನ ಮೇಲೇ ಉಗಿದ. ಹಲ್ಲು ಕಚ್ಚಿ ಕೂತಿದ್ದಾನೆ ಶೈತಾನ. ನನ್ನ ನೋಂಬು ಬಿಡುವುದಕ್ಕೂ ಬಿಡಲಿಲ್ಲ. ಹಾಗೆ ಕಹಿ ಮಾಡಿದರೆ ಯಾವ ಮಗು ಕುಡಿಯುತ್ತದೆ? ಇನ್ನು ಮೂಗು ಹಿಡಿದು ಮೂರೂ ಒಟ್ಟಿಗೆ ಹೊಯ್ಯುವ ಅಂತ ಇದ್ದೆ."

ಎಷ್ಟು ಉಗಿದಿದ್ದಾನೆಂದು ಡಾಕ್ಟರು ಒದ್ದೆಯಾದ ಬಟ್ಟೆಯನ್ನು ಹಿಂಡಿ ನೋಡಿದರು, ಮಗುವಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸಜ್ನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಡಾಕ್ಟರು ಕೊಳವೆ ಕಿವಿಯಿಂದ ತೆಗೆದು, "ಸರಿ ಉಂಟು" ಎಂದರು. ಸಜ್ನಾ ಹೊಸ್ತಿಲ ಮೇಲೆ ಕುಳಿತಳು.

"ನೀನು ಯಾರಮ್ಮ?" ಎಂದು ಬೀಯಮ್ಮ ಬ್ಯಾರಿ ಮಾತಿನಲ್ಲಿ ಕೇಳಿದರು. ಅವಳು ಅದೇ ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಮದ್ದು ಬದಲಾಗಿದೆ ಎಂದೋ ಬಾಟಲಿ ಹಳತು ಎಂದೋ ಹೇಳಿ ಪಾರಾಗಬಹುದಿತ್ತು. ಹಾಗೆ ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಬೀಯಮ್ಮ ಕೇಳಿ ಮುಗಿಸಿ ಮೊಮ್ಮಗನನ್ನು ಹತ್ತಿರಕ್ಕೆ ಎಳೆದುಕೊಂಡರು. "ಕಲಿತವರು ಅಂತ ನಂಬಿದ್ದು" ಎಂದರು. ಅವನ ಹಣೆ ಮುಟ್ಟಿ, "ಮತ್ತೆ ಎಷ್ಟು ಕೊಡಬೇಕು? ಜ್ವರ ಹಾಗೇ ಉಂಟಲ್ಲ" ಎಂದರು.

ಸಜ್ನಾ ಡಾಕ್ಟರ ಕಡೆ ನೋಡಿದಳು.

"ನನ್ನನ್ನು ಯಾಕೆ ನೋಡ್ತೀ? ಲೆಕ್ಕ ಹಾಕಿ ಹೇಳು."

"ನನ್ನಿಂದ ಆಗುವುದಿಲ್ಲ, ಮೇಡಂ."

"ಇವತ್ತು ಆಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ. ಹೇಳು."

"ಚಿನ್ನಯ್ಯಣ್ಣ, ತೂಗಿದ್ದು ನೀವೇನಾ? ಚಪ್ಪಲಿ ಹಾಕಿತ್ತಾ?"

"ನಾನೇ, ಟೀಚರ್. ಅಂಗಿ ಸಹ ಬಿಚ್ಚಿ."

"ಹನ್ನೊಂದು" ಎಂದಳು ಸಜ್ನಾ.

"ಯಾವ ಹನ್ನೊಂದು?" ಡಾಕ್ಟರು ಬಿಡಲಿಲ್ಲ. "ತೂಕದ್ದಾ, ತಿಂಗಳಿನದ್ದಾ?"

"ತೂಕದ್ದು. ಹನ್ನೊಂದು ಕಿಲೊ, ಹನ್ನೊಂದು ಎಂ.ಎಲ್."

ಅರ್ಧ ಗಂಟೆ ಕಾದು, ಸಕ್ಕರೆ ನೆಕ್ಕಿಸಿ, ಅಷ್ಟು ಮದ್ದನ್ನು ಸಿರಿಂಜಿನಲ್ಲಿ ಎಳೆದು ಕುಡಿಸಬೇಕಾದವಳೂ ಅವಳೇ ಆದಳು. ಗೆರೆ ಸರಿಯಾಗಿ ಕಾಣಲಿ ಎಂದು ದೀಪದ ಕೆಳಗೆ ಹಿಡಿದು ನಾಲ್ಕು ಸಲ ನೋಡಿದಳು. ಹೊರಡುವಾಗ ಬೀಯಮ್ಮ ಕಂಪ್ಯೂಟರಿನ ಚೀಟಿಯನ್ನು ಒಲೆಗೆ ಹಾಕಿ ಹೇಳಿದರು: "ನಾಳೆ, ನಾಡಿದ್ದು ನೀನೇ ಬಂದು ಕೊಡು. ನನಗೆ ಪೆಟ್ಟಿಗೆಯ ಮಾತು ಬೇಡ."

ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ಭಯ ಹೋಗುತ್ತದೆ ಎಂದುಕೊಳ್ಳುವಷ್ಟು ದಡ್ಡಿಯಲ್ಲ. ಮರುದಿನ ಬೆಳಿಗ್ಗೆಯೇ ಎರಡೂ ಕ್ಲಿನಿಕ್ಕುಗಳಲ್ಲಿ ಕ್ರಮ ಸರಿಪಡಿಸಿದಳು, ಹೆಸರು ತಾಳೆಯಾಗದಿದ್ದರೆ ಉತ್ತರವೇ ಬಾರದಂತೆ ಕಟ್ಟಿದಳು, ಡಾಕ್ಟರ ಸಹಿಯಿಲ್ಲದೆ ಚೀಟಿ ಹೊರಗೆ ಹೋಗಬಾರದೆಂದು ಚಿನ್ನಯ್ಯನಿಗೆ ಹೇಳಿದಳು. ಆಮೇಲಿನ ವರ್ಷಗಳಲ್ಲಿ ಅವಳು ಪರೀಕ್ಷೆಗೆಂದು ಒಂದೇ ಅಂಕಿಯನ್ನು ಎರಡು ಕಡೆ ಹಾಕಿದ್ದನ್ನು ಯಾರೂ ಕಂಡಿಲ್ಲ. ಯಾವುದೇ ಹೊಸ ಪ್ರೋಗ್ರಾಂ ಸುರುವಾದ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅದು ಕೊನೆಯವರೆಗೂ ಹಾಗೆಯೇ ಉಳಿಯಿತು.

ಆದರೆ ಆ ವಾರ ನೆರಿಯದ ಕೆಲಸ ಇನ್ನೂ ಉಳಿದಿತ್ತು. ಎರಡು ದಿನವೂ ಅವಳು ಪಾಣೆಮಂಗಳೂರಿನಿಂದ ಬಸ್ಸು ಬದಲಿಸಿ ಬದಲಿಸಿ ಹೋದಳು. ಮದ್ದಿನ ಮೂರನೆಯ ದಿನ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅಂದು ಬಸ್ಸಿನಲ್ಲಿ ಕುಳಿತು ಹನ್ನೊಂದರ ಅರ್ಧ ಎಷ್ಟೆಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ಇದ್ದಳು. ಅಂಗಳಕ್ಕೆ ಕಾಲಿಡುವಾಗ ಉನೈಸ್ ಕೋಳಿಮರಿಯ ಹಿಂದೆ ಓಡುತ್ತಿದ್ದ. ಜ್ವರ ಬಿಟ್ಟಿತ್ತು. ಅವಳನ್ನು ಕಂಡದ್ದೇ ತಡ, ಕಿಟಾರನೆ ಕಿರುಚಿ ಒಳಗೆ ಓಡಿ ಮಂಚದ ಅಡಿಗೆ ನುಗ್ಗಿದ. ಅವನನ್ನು ಎಳೆದು ತೆಗೆಯಲು ಬೀಯಮ್ಮನಿಗೂ ಅವಳಿಗೂ ಸೇರಿ ಬಹಳ ಹೊತ್ತು ಬೇಕಾಯಿತು.