ಸುಮ್ಮನಿದ್ದರೆ ಬನ್ನಿ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಪೆರಾಬೆಯಲ್ಲಿ ಹುಟ್ಟಿ ಬೆಳೆದವಳು, ನಾಲಿಗೆಗೆ ಬಿಡುವು ಕೊಟ್ಟು ಗೊತ್ತಿಲ್ಲ. ಬಸ್ಸು ರಿವರ್ಸ್ ಮಾಡಿಸುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ, ಇನ್ನೂ ಜಾಗ ಉಂಟು, ಬರ್ಲಿ" ಎಂದು ಕೂಗುತ್ತಲೇ ಇರುತ್ತೇನೆ. ನಮ್ಮ ಕಡೆಯ ಡ್ರೈವರುಗಳಿಗೂ ಅದೇ ಅಭ್ಯಾಸ. ಕೂಗು ನಿಂತಿತೋ, ಅವರ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.

ಆ ಮಳೆಗಾಲ ನನ್ನ ಜೊತೆಗೆ ಬಂದ ಡ್ರೈವರ್ ವಿಜಯಪುರ ಕಡೆಯವರು. ನಾನು ಹತ್ತು ಮಾತಾಡಿದರೆ ಅವರಿಂದ ಒಂದು "ಹ್ಞೂಂ" ಬಂದರೆ ಬಂತು. ಎಂತ ಸೊಕ್ಕು ಈ ಮನುಷ್ಯನಿಗೆ ಎಂದು ಮೈ ಉರಿಯುತ್ತಿತ್ತು. ಒಂದು ದಿನ ಸುಳ್ಯದ ಹತ್ತಿರ ರಿವರ್ಸ್ ಮಾಡಿಸುವಾಗ ಹಿಂದಿನ ಗೋಡೆ ಹತ್ತಿರವಾಯಿತೆಂದು ನಾನು ಕೂಗು ನಿಲ್ಲಿಸಿದೆ. ಅವರು ಬಸ್ಸು ನಿಲ್ಲಿಸಲಿಲ್ಲ. ಬಂಪರ್ ಗೋಡೆಗೆ ಬಡಿಯಿತು.

"ನಾನು ಬಾಯಿ ಮುಚ್ಚಿದ್ದು ಗೊತ್ತಾಗುದಿಲ್ವಾ ಮಾರಾಯ್ರೆ?" ಎಂದು ಹಾರಿಬಿದ್ದೆ.

"ಸುಮ್ಮನಿದ್ರ ಎಲ್ಲಾ ಸರಿ ಐತಿ ಅಂತ್ರಿ. ತ್ರಾಸ ಇದ್ದಾಗಷ್ಟ ಬಾಯಿ ತೆಗೀಬೇಕು," ಎಂದರು.

ಅಂದಿನಿಂದ ಮಾತು ಬಿಟ್ಟೆವು. ನಾನು ಬೆಲ್ ಹೊಡೆಯುವುದು, ಅವರು ಹೊರಡುವುದು, ಅಷ್ಟೇ.

ಅದೇ ವಾರ ಗುತ್ತಿಗಾರಿನಿಂದ ಒಳಗೆ ಹೋಗುವ ಸಂಜೆಯ ಟ್ರಿಪ್ಪು. ಮಬ್ಬುಗತ್ತಲೆ. ತಿರುವು ದಾಟಿ ಸ್ವಲ್ಪ ಮುಂದೆ ಬಂದರೆ ರಸ್ತೆಯ ನಡುವೆ ಆನೆ, ಕಾಲಬುಡದಲ್ಲಿ ಮರಿ.

"ಹಾರ್ನ್ ಹಾಕ್ಬೇಡಿ, ಬೊಬ್ಬೆ ಹೊಡಿಬೇಡಿ," ಎದುರಿನ ಸೀಟಿನ ಅಜ್ಜ ಪಿಸುಗುಟ್ಟಿದರು. "ಮರಿ ಉಂಟು. ಮೈಮೇಲೆ ಬಂದೀತು."

ಆನೆ ನಮ್ಮ ಕಡೆಗೆ ಒಂದೊಂದೇ ಹೆಜ್ಜೆ ಇಡತೊಡಗಿತು. ತಿರುವಿನವರೆಗೆ ಹಿಂದೆ ಹೋಗದೆ ಗತಿಯಿರಲಿಲ್ಲ. ಎಡಗಡೆ ತಡೆಗೋಡೆಯಿಲ್ಲದ ಮೋರಿ, ಅದರ ಕೆಳಗೆ ತುಂಬಿ ಹರಿಯುವ ತೋಡು. ಕೆಲಸ ಮುಗಿಸಿ ಮನೆಗೆ ಹೊರಟ ಹೆಂಗಸರು ಬಸ್ಸಿನ ತುಂಬ ಇದ್ದರು. ಕೂಗುವಂತಿಲ್ಲ, ಸೀಟಿ ಊದುವಂತಿಲ್ಲ.

ನಾನು ಡ್ರೈವರ್ ಹತ್ತಿರ ಹೋಗಿ ಬಗ್ಗಿದೆ. "ನಿಮ್ಮ ಹಾಗೆಯೇ ಮಾಡುವ. ನಾನು ಸುಮ್ಮನಿದ್ದರೆ ಬನ್ನಿ. ಎಡಗಡೆ ಕನ್ನಡಿಯಲ್ಲಿ ಮೊಬೈಲ್ ಲೈಟ್ ಕಂಡರೆ ನಿಲ್ಲಿಸಿ."

ಅವರು ನನ್ನ ಮುಖ ನೋಡಿ ತಲೆಯಾಡಿಸಿದರು.

ಇಳಿದು ಹಿಂದೆ ಹೋಗಿ ಎಡಗಡೆ ಕನ್ನಡಿಗೆ ಕಾಣುವ ಹಾಗೆ ನಿಂತೆ. ಬಸ್ಸು ಬರತೊಡಗಿತು. ನನ್ನ ಮೌನವನ್ನು ನಂಬಿಕೊಂಡು ಅಷ್ಟು ದೊಡ್ಡ ಗಾಡಿ ನನ್ನ ಮೇಲೆಯೇ ಬರುತ್ತಿತ್ತು. "ಬರ್ಲಿ" ಎನ್ನುವುದು ಗಂಟಲಿನವರೆಗೆ ಬಂದು ನಿಲ್ಲುತ್ತಿತ್ತು. ತುಟಿ ಕಚ್ಚಿ ಹಿಂದೆ ಹಿಂದೆ ನಡೆದೆ. ನನಗೆ ಅಷ್ಟು ಹೆದರಿಕೆ ಯಾವತ್ತೂ ಆದದ್ದಿಲ್ಲ.

ಮೋರಿಯ ಹತ್ತಿರ ಎಡಚಕ್ರದ ಕೆಳಗಿನ ಮಣ್ಣು ಜರಿಯಿತು. ಮೊಬೈಲ್ ಒತ್ತಿದೆ, ಮಳೆಹನಿಗೆ ಒದ್ದೆಯಾದ ಪರದೆ ಹತ್ತಲಿಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿದೆ. ಬೆಳಕು ಬಂದದ್ದೂ ಬಸ್ಸು ನಿಂತದ್ದೂ ಒಟ್ಟಿಗೆ. ಚಕ್ರಕ್ಕೂ ತೋಡಿಗೂ ನಡುವೆ ಗೇಣು ಜಾಗ.

ನೇರ ಮಾಡಿಕೊಳ್ಳಲು ಬಸ್ಸು ಆನೆಯ ಕಡೆಗೇ ಸ್ವಲ್ಪ ಮುಂದೆ ಹೋಗಬೇಕಾಯಿತು. ಆನೆ ಕಿವಿ ಅಗಲಿಸಿ ನಿಂತಿತು. ನಾನು ಲೈಟ್ ಆರಿಸಿದೆ. ಬಸ್ಸು ಮತ್ತೆ ಮೆಲ್ಲಗೆ ಹಿಂದೆ ಬಂತು, ಮೋರಿ ದಾಟಿತು, ತಿರುವಿನ ಅಗಲ ಜಾಗ ಸೇರಿತು. ಆನೆ ಮರಿಯನ್ನು ಮುಂದೆ ಮಾಡಿಕೊಂಡು ಕಾಡಿಗೆ ಇಳಿಯಿತು.

ಬಸ್ಸು ತಿರುಗಿಸಿ ವಾಪಸು ಗುತ್ತಿಗಾರಿಗೆ ಹೊರಟೆವು. ಜನರೆಲ್ಲ ಒಮ್ಮೆಲೇ ಮಾತಾಡುತ್ತಿದ್ದರು. ನಾನೊಬ್ಬಳು ಸುಮ್ಮನೆ ಕೂತಿದ್ದೆ. ಡ್ರೈವರ್ ಎರಡು ಸಲ ತಿರುಗಿ ನೋಡಿದರು.

"ಅಕ್ಕಾರ, ಏನರ ಮಾತಾಡ್ರಿ. ನೀವು ಹಿಂಗ ಸುಮ್ಮನ ಕುಂತ್ರ ನನಗ ಹೆದರಿಕಿ ಆಗ್ತೈತಿ."

ಬಾಯಿ ತೆರೆದೆ. ಅಳು ಬಂತು. ಆಗ ಅವರೇ ಮಾತು ಶುರು ಮಾಡಿದರು. ಮಗಳ ಶಾಲೆ, ಊರಿನ ಜೋಳದ ಹೊಲ, ಹೆಂಡತಿಯ ಮಂಡಿನೋವು, ಒಂದಾದ ಮೇಲೊಂದು ಹೇಳುತ್ತ ಗುತ್ತಿಗಾರು ಪೇಟೆ ಬರುವವರೆಗೆ ನಿಲ್ಲಿಸಲೇ ಇಲ್ಲ.